ಕಂಪೈಲರೇ ಹಿಡಿಸದ ಕಂಪ್ಯೂಟರು

ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಬಂದು 'ಮೇಕ್' ಎಂದು ಟೈಪಿಸಿ ಎಂಟರ್ ಒತ್ತಿದೆ. ಮೇಜಿನ ಮೇಲಿದ್ದದ್ದು ಮೊದಲ ಪೀಳಿಗೆಯ ರಾಸ್ಪ್‌ಬೆರಿ ಪೈ. 2012ರ ಫೆಬ್ರುವರಿ 29ರಂದು 35 ಡಾಲರಿಗೆ ಮಾರಾಟಕ್ಕೆ ಬಂದ, ಎಟಿಎಂ ಕಾರ್ಡಿನಷ್ಟೇ ಅಗಲದ ಹಸಿರು ಹಲಗೆ. ಒಂದೇ ಕೋರ್, 700 ಮೆಗಾಹರ್ಟ್ಸ್ ವೇಗ, 256 ಎಂಬಿ ಮೆಮೊರಿ. ಒಂದು ಸೆನ್ಸರಿನ ಡ್ರೈವರ್ ಅದರ ಕರ್ನಲ್‌ನಲ್ಲಿ, ಅಂದರೆ ಯಂತ್ರವನ್ನು ನಡೆಸುವ ತಿರುಳಿನಲ್ಲಿ, ಇರಲಿಲ್ಲ. ಸೇರಿಸಲು ಇಡೀ ಲಿನಕ್ಸ್ ಕರ್ನಲ್ಲನ್ನೇ ಹೊಸದಾಗಿ ಕಂಪೈಲ್ ಮಾಡಲು, ಅಂದರೆ ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸಲು, ಹೊರಟೆ. ಮಾಡಿಕೊಳ್ಳಲಿ, ಬೆಳಗ್ಗೆ ಎದ್ದು ನೋಡಿದರಾಯಿತು ಎಂದುಕೊಂಡೆ.

ಪರದೆಯ ಮೇಲೆ 'ಸಿಸಿ' ಎಂಬ ಎರಡಕ್ಷರ, ಪಕ್ಕದಲ್ಲೊಂದು ಕಡತದ ಹೆಸರು. ಅದು ಮುಗಿದರೆ ಇನ್ನೊಂದು 'ಸಿಸಿ', ಇನ್ನೊಂದು ಹೆಸರು. ಗಡಿಯಾರ ಹಿಡಿದು ನೋಡಿದೆ, ಒಂದೊಂದು ಸಾಲಿಗೆ ಎಂಟು ಹತ್ತು ಸೆಕೆಂಡು. ಮಳೆ ನಿಂತ ಮೇಲೆ ಹೆಂಚಿನ ತುದಿಯಿಂದ ಹನಿ ಬೀಳುವ ಹಾಗೆ. ನೋಡುತ್ತಾ ಕೂತರೆ ನಿದ್ದೆ ಬರುತ್ತದೆ, ಬಂತು ಕೂಡ.

ಬೆಳಗಿನ ಜಾವ ಕರೆಂಟು ಹೋಯಿತು. ಹಾಗಾದರೆ ದೊಡ್ಡ ನಷ್ಟವೇನೂ ಆಗಬಾರದು. ಮೇಕ್ ಜಾಣ. ಯಾವ ಕಡತ ಆಗಲೇ ಬೆಂದಿದೆ, ಯಾವುದು ಹಸಿಯಾಗಿದೆ ಎಂಬುದನ್ನು ಕಡತಗಳ ಮೇಲಿನ ದಿನಾಂಕ, ಸಮಯ ನೋಡಿ ತಿಳಿದುಕೊಂಡು, ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಆದರೆ ಈ ಹಲಗೆಯಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. ಕರೆಂಟು ಬಂದಾಗ ನಮ್ಮ ಮನೆಯ ಇಂಟರ್ನೆಟ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಅದಕ್ಕೆ ಸರಿಯಾದ ಹೊತ್ತು ಹೇಳುವವರೂ ಇರಲಿಲ್ಲ. ಎಂದೋ ಉಳಿಸಿಟ್ಟುಕೊಂಡ ಹಳೆಯ ಹೊತ್ತನ್ನೇ ನಿಜವೆಂದು ನಂಬಿ ಎದ್ದಿತ್ತು. ರಾತ್ರಿ ತಾನೇ ಮಾಡಿದ ಕಡತಗಳು ಅದರ ಲೆಕ್ಕದಲ್ಲಿ ಇನ್ನೂ ಬರಬೇಕಾದ ಕಾಲದವು! 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್, ನಿಮ್ಮ ಬಿಲ್ಡ್ ಅಪೂರ್ಣವಾಗಿರಬಹುದು' ಎಂದು ಎಚ್ಚರಿಸಿತು. ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಆ ಎರಡನೇ ಓಟ ಮುಗಿಯಲು ಬರೋಬ್ಬರಿ 13 ಗಂಟೆ ಹಿಡಿಯಿತು.

ಮುಂದಿನ ಭಾನುವಾರ ಅದೇ ಸೋರ್ಸ್ ಕೋಡನ್ನು, ಅದೇ ಸಂರಚನೆಯನ್ನು ಪಕ್ಕದ ಡೆಸ್ಕ್‌ಟಾಪಿನಲ್ಲಿ ಹಾಕಿದೆ. ಎಂಟು ಕೋರ್, 3.6 ಗಿಗಾಹರ್ಟ್ಸ್. ತೀರಾ ದುಬಾರಿಯದ್ದೇನಲ್ಲ, ಮಗನ ಆಟಗಳಿಗೆಂದು ತಂದದ್ದು. ಅದರಲ್ಲಿ ಓಡುವ, ಆದರೆ ಪೈಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವ ಕಂಪೈಲರ್ ಒಂದನ್ನು ಹಾಕಿಕೊಂಡಿದ್ದೆ. ಕ್ರಾಸ್ ಕಂಪೈಲರ್ ಎನ್ನುವುದು ಇದಕ್ಕೇ. ಕಾಫಿ ಸೋಸಿಕೊಂಡು ಬರುವುದರೊಳಗೆ ಕೆಲಸ ಮುಗಿದಿತ್ತು: ನಾಲ್ಕು ನಿಮಿಷ ಹತ್ತು ಸೆಕೆಂಡು.

ಹದಿಮೂರು ಗಂಟೆ ಎಂದರೆ 46,800 ಸೆಕೆಂಡು. ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದರೆ 250. ಅಂದರೆ 187 ಪಟ್ಟು. ಸೋಜಿಗ ಇಲ್ಲಿಗೇ ನಿಲ್ಲಲಿಲ್ಲ. 700 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 70 ಕೋಟಿ ಬಡಿತ. ಹದಿಮೂರು ಗಂಟೆಯಲ್ಲಿ ಆ ಪುಟ್ಟ ಚಿಪ್ಪು ಬಡಿದದ್ದು ಸುಮಾರು 33 ಲಕ್ಷ ಕೋಟಿ ಸಲ. ಇಂಥ ಅಂಕಿಗಳನ್ನು ನಾವು ಕೇಳುವುದು ಬಜೆಟ್ಟಿನ ದಿನ ಮಾತ್ರ. ಡೆಸ್ಕ್‌ಟಾಪಿನ ಎಂಟೂ ಕೋರುಗಳ ಬಡಿತವನ್ನು ಒಟ್ಟು ಕೂಡಿಸಿದರೂ 7 ಲಕ್ಷ ಕೋಟಿ ಚಿಲ್ಲರೆ. ದೊಡ್ಡ ಯಂತ್ರ ಬೇಗ ಮುಗಿಸಿತು ಎನ್ನುವುದು ಸರಿ, ಆದರೆ ಅದು ಬಡಿದದ್ದೂ ಕಡಿಮೆ, ಐದನೇ ಒಂದು ಪಾಲಿನ ಹತ್ತಿರ. ಪೈಯ ಚಿಪ್ಪು ಒಂದು ಬಡಿತಕ್ಕೆ ಹೆಚ್ಚೆಂದರೆ ಒಂದು ಆಜ್ಞೆ ನಡೆಸುತ್ತದೆ. ಬೇಕಾದ ದತ್ತಾಂಶ ಕೈಯಳತೆಯಲ್ಲಿ ಇಲ್ಲದಿದ್ದರೆ ಮೆಮೊರಿಯ ಕಡೆ ನೋಡುತ್ತಾ ಬಡಿತಗಳನ್ನು ಸುಮ್ಮನೆ ಕಳೆಯುತ್ತದೆ. ಅದರ ಕೈಯಳತೆ, ಅಂದರೆ ಒಳಗಿನ ಕ್ಯಾಶ್, ಆಜ್ಞೆಗಳಿಗೆ 16 ಕೆಬಿ, ದತ್ತಾಂಶಕ್ಕೆ 16 ಕೆಬಿ. ಇಂದಿನ ಡೆಸ್ಕ್‌ಟಾಪಿನ ಚಿಪ್ಪಿಗೆ ಅದು ಹತ್ತಾರು ಎಂಬಿ. ಒಂದೇ ಬಡಿತಕ್ಕೆ ನಾಲ್ಕಾರು ಆಜ್ಞೆಗಳನ್ನು ಒಟ್ಟಿಗೆ ಮುಗಿಸುವ ಚಳಕವೂ ಅದಕ್ಕುಂಟು.

ಅಷ್ಟಕ್ಕೂ ಅಲ್ಲಿ ಬೇಯುತ್ತಿದ್ದುದು ಏನು? 1991ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹೊರಬಿಟ್ಟ 0.01 ಆವೃತ್ತಿಯ ಕರ್ನಲ್ ಸುಮಾರು 10 ಸಾವಿರ ಸಾಲಿನದು. ಅವರು ಅದನ್ನು ಬರೆದ ಯಂತ್ರ 33 ಮೆಗಾಹರ್ಟ್ಸ್‌ನ 386, ಮೆಮೊರಿ 4 ಎಂಬಿ. 1994ರ ಮಾರ್ಚಿನಲ್ಲಿ 1.0 ಬಂದಾಗ 1 ಲಕ್ಷ 76 ಸಾವಿರ ಸಾಲು. ಈಗ ಸುಮಾರು 4 ಕೋಟಿ. ಸೆಕೆಂಡಿಗೊಂದು ಸಾಲಿನಂತೆ ಊಟ ನಿದ್ದೆ ಬಿಟ್ಟು ಓದಿದರೂ ಒಂದೂಕಾಲು ವರ್ಷ ಬೇಕು. ಪುಟಕ್ಕೆ 50 ಸಾಲು, ಪುಸ್ತಕಕ್ಕೆ 400 ಪುಟದಂತೆ ಅಚ್ಚು ಹಾಕಿಸಿದರೆ 2,000 ಪುಸ್ತಕ, ಒಂದು ಹಳ್ಳಿಯ ಗ್ರಂಥಾಲಯಕ್ಕೆ ಸಾಕು. ಇದರಲ್ಲಿ ಹೆಚ್ಚಿನ ಪಾಲು ಡ್ರೈವರುಗಳದ್ದು. ಎಎಂಡಿ ಗ್ರಾಫಿಕ್ಸ್ ಚಿಪ್ಪುಗಳ ಡ್ರೈವರ್ ಒಂದೇ 50 ಲಕ್ಷ ಸಾಲು ದಾಟಿದೆ. ಪೈಗೆ ಬೇಕಾದದ್ದು ಒಟ್ಟಿನಲ್ಲಿ ಒಂದು ಸಣ್ಣ ತುಣುಕು. ಆ ತುಣುಕಿಗೇ ಹದಿಮೂರು ಗಂಟೆ.

ಕಂಪೈಲರ್ ಓದುವುದು ನಾವು ಬರೆದ ಸಾಲುಗಳನ್ನು ಮಾತ್ರ ಎಂದುಕೊಂಡಿದ್ದರೆ ಮೋಸ ಹೋದಂತೆ. ಸಿ ಭಾಷೆಯಲ್ಲಿ 'ನಮಸ್ಕಾರ' ಎಂದು ಮುದ್ರಿಸುವ ಐದು ಸಾಲಿನ ಪ್ರೋಗ್ರಾಂ ಬರೆಯಿರಿ. ತಲೆಯಲ್ಲೊಂದು 'ಇನ್‌ಕ್ಲೂಡ್' ಸಾಲು ಇರುತ್ತದಲ್ಲ, ಅದು ಬೇರೆ ಕಡತಗಳನ್ನು ಎಳೆದು ತರುತ್ತದೆ, ಅವು ಇನ್ನಷ್ಟನ್ನು. ಕಂಪೈಲರಿನ ಬಾಯಿಗೆ ಬೀಳುವ ಹೊತ್ತಿಗೆ ಐದು ಸಾಲು ಏಳೆಂಟು ನೂರು ಆಗಿರುತ್ತದೆ. ಅದೇ ನಮಸ್ಕಾರವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೇಳಿದರೆ ಮೂವತ್ತು ಸಾವಿರ ಸಾಲಿನ ಆಸುಪಾಸು. ಮದುವೆಗೆ ಒಬ್ಬರನ್ನು ಕರೆದರೆ ಬಂಧುಬಳಗವೆಲ್ಲ ಬಂದ ಹಾಗೆ. ಕರ್ನಲ್‌ನ ಸಾವಿರಾರು ಕಡತಗಳಲ್ಲಿ ಪ್ರತಿಯೊಂದೂ ತನ್ನ ಬಳಗವನ್ನು ಪ್ರತಿ ಸಲ ಹೊಸದಾಗಿ ಕರೆದು ತರುತ್ತದೆ. ಪೈ ಒಂದೊಂದು 'ಸಿಸಿ'ಗೆ ಹತ್ತು ಸೆಕೆಂಡು ತೆಗೆದುಕೊಂಡದ್ದು ಸೋಮಾರಿತನದಿಂದಲ್ಲ.

ಪೈ ಹೇಗೋ ಏದುಸಿರು ಬಿಡುತ್ತಾ ಮುಗಿಸಿತು. ಮುಗಿಸಲು ಸಾಧ್ಯವೇ ಇಲ್ಲದ ಯಂತ್ರಗಳೂ ಇವೆ, ಅವು ನಮ್ಮ ಮನೆಗಳಲ್ಲೇ ಇವೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ವೈಫೈ ರೂಟರ್ 2002ರ ಕೊನೆಗೆ ಬಂತು. ನೀಲಿ ಕಪ್ಪು ಡಬ್ಬಿ, ಬೆನ್ನಿಗೆ ಎರಡು ಕೊಂಬು. ಒಳಗೆ 125 ಮೆಗಾಹರ್ಟ್ಸ್‌ನ ಮಿಪ್ಸ್ ಚಿಪ್ಪು, 16 ಎಂಬಿ ಮೆಮೊರಿ, ಹಾರ್ಡ್ ಡಿಸ್ಕಿನ ಬದಲು 4 ಎಂಬಿ ಫ್ಲ್ಯಾಶ್. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್. ಲೈಸೆನ್ಸಿನ ಷರತ್ತಿನಂತೆ 2003ರಲ್ಲಿ ಅದರ ಸೋರ್ಸ್ ಕೋಡ್ ಹೊರಬಂತು. ಮರುವರ್ಷ ಅದನ್ನೇ ಹಿಡಿದು ಓಪನ್‌ಡಬ್ಲ್ಯೂಆರ್‌ಟಿ ಎಂಬ ಯೋಜನೆ ಹುಟ್ಟಿತು. ಹೆಸರಿನಲ್ಲಿ ಆ ರೂಟರಿನ ಮೂರಕ್ಷರ ಇಂದಿಗೂ ಉಳಿದಿದೆ.

ಈಗ ಅಳತೆ ನೋಡಿ. ನನ್ನ ಡೆಸ್ಕ್‌ಟಾಪಿನಲ್ಲಿರುವ ಜಿಸಿಸಿ ಕಂಪೈಲರಿನ ತಿರುಳು 'ಸಿಸಿ1' ಎಂಬ ಒಂದೇ ಕಡತ, ಅದೊಂದೇ 25 ಎಂಬಿ ಮೀರಿದೆ. ಆ ರೂಟರಿನ ಇಡೀ ಲೋಕ, ಕರ್ನಲ್, ವೈಫೈ, ಫೈರ್‌ವಾಲ್, ಸೆಟ್ಟಿಂಗ್ ಬದಲಿಸುವ ವೆಬ್ ಪುಟಗಳು ಎಲ್ಲ ಸೇರಿ 4 ಎಂಬಿ ಒಳಗೆ. ತನ್ನನ್ನು ಹೆತ್ತ ಕಂಪೈಲರಿನ ಆರನೇ ಒಂದು ಪಾಲನ್ನೂ ಆ ಯಂತ್ರ ತನ್ನೊಳಗೆ ಇಟ್ಟುಕೊಳ್ಳಲಾರದು. ನಿಧಾನ, ಬೇಗ ಎನ್ನುವ ಮಾತೇ ಅಲ್ಲಿ ಬರುವುದಿಲ್ಲ, ಒಲೆಯೇ ಮನೆಗಿಂತ ದೊಡ್ಡದು. ಇಂದು ಓಪನ್‌ಡಬ್ಲ್ಯೂಆರ್‌ಟಿ ಕಟ್ಟಲು 10 ಜಿಬಿಗೂ ಹೆಚ್ಚು ಡಿಸ್ಕ್ ಜಾಗ ಬೇಡುತ್ತದೆ. ಮೊದಲು ಕ್ರಾಸ್ ಕಂಪೈಲರನ್ನೇ ಕಂಪೈಲ್ ಮಾಡಿಕೊಂಡು, ಆಮೇಲೆ ಅದರಿಂದ ಉಳಿದದ್ದನ್ನು ಮಾಡುತ್ತದೆ. ಕೊನೆಗೆ ಕೈಗೆ ಬರುವ ಕಡತ ಸಣ್ಣ ರೂಟರುಗಳ 8 ಎಂಬಿಯಲ್ಲಿ ಕೂರುತ್ತದೆ. ಸಾವಿರ ಸೇರಿಗೂ ಹೆಚ್ಚು ಹಾಲು ಕಾಯಿಸಿ ಒಂದು ಸೇರು ಕೆನೆ ತೆಗೆದ ಲೆಕ್ಕ.

ಜಿಸಿಸಿಯ ಬಗ್ಗೆ ಇನ್ನೊಂದು ಮಾತು. ಅದೇ ಒಂದು ಕೋಟಿಗೂ ಹೆಚ್ಚು ಸಾಲಿನ ಪ್ರೋಗ್ರಾಂ. ಪದ್ಧತಿಯಂತೆ ಕಟ್ಟಿದರೆ ಅದು ತನ್ನನ್ನು ತಾನು ಮೂರು ಸಲ ಕಂಪೈಲ್ ಮಾಡಿಕೊಳ್ಳುತ್ತದೆ. ಹಳೆಯ ಕಂಪೈಲರಿನಿಂದ ಒಮ್ಮೆ, ಹಾಗೆ ಹುಟ್ಟಿದ್ದರಿಂದ ಇನ್ನೊಮ್ಮೆ, ಎರಡನೆಯದರಿಂದ ಮತ್ತೊಮ್ಮೆ. ಎರಡನೆಯದೂ ಮೂರನೆಯದೂ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ ಮಾತ್ರ ಪಾಸು. ಇದನ್ನು ಆ ಪೈಯಲ್ಲಿ ಮಾಡಲು ನಾನು ಹೋಗಲಿಲ್ಲ. ಅಷ್ಟು ಹುಚ್ಚು ನನಗಿಲ್ಲ.

ಕ್ರಾಸ್ ಕಂಪೈಲ್ ಮಾಡಿದ ಕಡತವನ್ನು ಡೆಸ್ಕ್‌ಟಾಪಿನಲ್ಲೇ ಓಡಿಸಲು ಹೊರಟರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಅದಕ್ಕೆ ಹೇಗೆ ಗೊತ್ತಾಯಿತು? ಲಿನಕ್ಸ್‌ನಲ್ಲಿ ಕಂಪೈಲ್ ಆದ ಪ್ರತಿ ಪ್ರೋಗ್ರಾಂ ಕಡತದ ಮೊದಲ ಬೈಟಿನ ನಂತರ 'ಇ', 'ಎಲ್', 'ಎಫ್' ಎಂಬ ಮೂರು ಅಕ್ಷರ ಇರುತ್ತವೆ. ಇನ್ನೂ ಸ್ವಲ್ಪ ಮುಂದೆ, ಹತ್ತೊಂಬತ್ತು ಮತ್ತು ಇಪ್ಪತ್ತನೇ ಬೈಟಿನಲ್ಲಿ, ಚಿಪ್ಪಿನ ಜಾತಿ ಹೇಳುವ ಒಂದು ಸಂಖ್ಯೆ. 62 ಇದ್ದರೆ ನಮ್ಮ ಇಂಟೆಲ್, ಎಎಂಡಿ ಡೆಸ್ಕ್‌ಟಾಪುಗಳದ್ದು. 40 ಇದ್ದರೆ 32 ಬಿಟ್‌ನ ಆರ್ಮ್. 183 ಇದ್ದರೆ 64 ಬಿಟ್‌ನ ಆರ್ಮ್, ಅಂದರೆ ನಿಮ್ಮ ಫೋನು. ಕಡತ ನೂರು ಎಂಬಿ ಇರಲಿ, ಕರ್ನಲ್ ಬಾಗಿಲಲ್ಲಿ ನಿಂತು ನೋಡುವುದು ಈ ಎರಡು ಬೈಟನ್ನು.

ನಾನು ಮುಗ್ಗರಿಸಿದ್ದೂ ಇಲ್ಲೇ. ಕರ್ನಲ್ ಚೆನ್ನಾಗಿ ಬಂತಲ್ಲ ಎಂಬ ಹುಮ್ಮಸ್ಸಿನಲ್ಲಿ ಸೆನ್ಸರ್ ಓದುವ ಪುಟ್ಟ ಪ್ರೋಗ್ರಾಮನ್ನೂ ಡೆಸ್ಕ್‌ಟಾಪಿನಲ್ಲೇ ಮಾಡಿ ಪೈಗೆ ಕಳಿಸಿದೆ. ಅಲ್ಲಿ ಓಡಿಸಿದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸತ್ತಿತು. ಎರಡು ಸಂಜೆ ನನ್ನ ಕೋಡಿನಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ನನ್ನ ಕಂಪೈಲರ್ ಬರೆಯುತ್ತಿದ್ದುದು ಆರ್ಮ್ ಏಳನೇ ಪೀಳಿಗೆಯ ಭಾಷೆ, ಪೈಯ ಚಿಪ್ಪು ಆರನೇ ಪೀಳಿಗೆಯದು. ಬಾಗಿಲಲ್ಲಿ ಎರಡರ ಸಂಖ್ಯೆಯೂ 40. ಕರ್ನಲ್ ನಮ್ಮವನೇ ಎಂದು ಒಳಗೆ ಬಿಟ್ಟುಕೊಂಡಿತು. ಒಳಗೆ ಬಂದವನು ಬಾಯಿ ತೆರೆದಾಗ ಅರ್ಥವಾಗದ ಮಾತು. ಕಂಪೈಲರಿಗೆ ಒಂದು ಆಯ್ಕೆ ಕೊಟ್ಟರೆ ಸಾಲದು, ಅದರ ಜೊತೆ ಬರುವ, ಆಗಲೇ ಬೆಂದ ಲೈಬ್ರರಿಗಳೂ ಆರನೇ ಪೀಳಿಗೆಯವೇ ಆಗಿರಬೇಕು ಎಂದು ಅಂದು ಕಲಿತೆ.

ಈ ಒಂದು ಪೀಳಿಗೆಯ ವ್ಯತ್ಯಾಸಕ್ಕೆ 2012ರಲ್ಲಿ ತೆತ್ತ ಬೆಲೆ ಕೇಳಿದರೆ ನನ್ನ ಎರಡು ಸಂಜೆ ಏನೂ ಅಲ್ಲ. ಡೆಬಿಯನ್ ಲಿನಕ್ಸ್‌ನ ವೇಗದ ಆರ್ಮ್ ಆವೃತ್ತಿ ಏಳನೇ ಪೀಳಿಗೆಗೆ ಮಾಡಿದ್ದು, ಪೈಗೆ ಹೊಂದದು. ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಇಡೀ ಭಂಡಾರವನ್ನೇ ಆರನೇ ಪೀಳಿಗೆಗೆ ಹೊಸದಾಗಿ ಕಂಪೈಲ್ ಮಾಡಲು ಕೂತರು. 35 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು! 2012ರ ಜೂನ್ ಹೊತ್ತಿಗೆ ಮುಗಿಸಿದರು. ರಾಸ್ಪ್‌ಬಿಯನ್ ಎಂದು ಹೆಸರಾದದ್ದು ಅದೇ. ಅವರು ಅದನ್ನು ಪೈಯಲ್ಲಿ ಮಾಡಲಿಲ್ಲ, ದೊಡ್ಡ ಇಂಟೆಲ್ ಯಂತ್ರದಲ್ಲಿ ಕ್ರಾಸ್ ಕಂಪೈಲೂ ಮಾಡಲಿಲ್ಲ. 1 ಗಿಗಾಹರ್ಟ್ಸ್ ವೇಗ, 1 ಜಿಬಿ ಮೆಮೊರಿಯ ಫ್ರೀಸ್ಕೇಲ್ ಹಲಗೆಗಳನ್ನು ಸಾಲಾಗಿ ಜೋಡಿಸಿಕೊಂಡರು. ಅವೂ ಆರ್ಮ್ ಚಿಪ್ಪಿನವೇ, ಆದರೆ ಪೈಗಿಂತ ಗಟ್ಟಿ. ಕಾರಣ ಇದೆ. ಎಷ್ಟೋ ಹಳೆಯ ಪ್ಯಾಕೇಜುಗಳು ಕಂಪೈಲ್ ಆಗುವಾಗ ನಡುವೆ ಸಣ್ಣ ಸಣ್ಣ ಪ್ರೋಗ್ರಾಂ ಮಾಡಿ, ಅಲ್ಲೇ ಓಡಿಸಿ, ಯಂತ್ರದ ಗುಣ ತಿಳಿಯಲು ನೋಡುತ್ತವೆ. ಬೇರೆ ಜಾತಿಯ ಯಂತ್ರದಲ್ಲಿ ಅವು ಓಡುವುದೇ ಇಲ್ಲ. ಡೆಬಿಯನ್ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಅಂಕಿ: 2023ರ ಜೂನಿನಲ್ಲಿ ಬಂದ 12ನೇ ಆವೃತ್ತಿಯಲ್ಲಿ 64,419 ಪ್ಯಾಕೇಜು, 134 ಕೋಟಿಗೂ ಹೆಚ್ಚು ಸಾಲು. ಇಡೀ ಭಾರತದ ಜನಸಂಖ್ಯೆಗೆ ತಲೆಗೊಂದು ಸಾಲು ಹಂಚಿದರೆ ಹತ್ತಿರ ಹತ್ತಿರ ಸರಿಹೋಗುತ್ತದೆ.

ದೊಡ್ಡ ಯಂತ್ರ ಇಲ್ಲದವರು ಅಕ್ಕಪಕ್ಕದ ಯಂತ್ರಗಳಿಂದ ಮುಯ್ಯಾಳು ಮಾಡಿಸಿಕೊಳ್ಳಬಹುದು. ಒಬ್ಬರ ಗದ್ದೆ ನಾಟಿಗೆ ಊರವರೆಲ್ಲ ಬಂದ ಹಾಗೆ. ಮಾರ್ಟಿನ್ ಪೂಲ್ 2002ರ ಹೊತ್ತಿಗೆ ಬರೆದ ಡಿಸ್ಟ್‌ಸಿಸಿ ಮಾಡುವುದು ಇದನ್ನೇ. ನಿಧಾನದ ಯಂತ್ರ ಕಡತವನ್ನು ಅದರ ಬಂಧುಬಳಗದೊಂದಿಗೆ ಬಿಡಿಸಿ, ನೆಟ್‌ವರ್ಕಿನಲ್ಲಿ ಬೇರೆಯವಕ್ಕೆ ಕಳಿಸುತ್ತದೆ. ಅವು ಬೇಯಿಸಿ ವಾಪಸು ಕೊಡುತ್ತವೆ. ನಾನು ಪೈಯನ್ನು ಯಜಮಾನನನ್ನಾಗಿ ಮಾಡಿ ಡೆಸ್ಕ್‌ಟಾಪನ್ನು ಆಳಾಗಿಸಿ ನೋಡಿದೆ. ಹದಿಮೂರು ಗಂಟೆ ಮೂರು ಚಿಲ್ಲರೆಗೆ ಇಳಿಯಿತು, ಅದಕ್ಕಿಂತ ಕೆಳಗೆ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಡೆಸ್ಕ್‌ಟಾಪಿನ ಎಂಟು ಕೋರುಗಳು ಕೈಕಟ್ಟಿ ಕೂತಿದ್ದವು. ಕಡತ ಬಿಡಿಸುವ, ಕೊನೆಗೆ ಎಲ್ಲವನ್ನೂ ಜೋಡಿಸುವ ಕೆಲಸ ಪೈಯ ತಲೆಯ ಮೇಲೇ ಉಳಿದಿತ್ತಲ್ಲ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಲೆಕ್ಕ: ಕೆಲಸದ ನೂರಕ್ಕೆ ಐದು ಪಾಲು ಹಂಚಲಾಗದ್ದಾದರೆ, ಲಕ್ಷ ಯಂತ್ರ ಸೇರಿಸಿದರೂ ವೇಗ ಇಪ್ಪತ್ತು ಪಟ್ಟು ದಾಟದು.

ಈ ಲೆಕ್ಕದಿಂದ ಗೂಗಲ್ಲಿಗೂ ಬಿಡುಗಡೆ ಇಲ್ಲ. ಆಂಡ್ರಾಯ್ಡ್‌ನ ಸೋರ್ಸ್ ಕೋಡ್ ಇಳಿಸಿಕೊಂಡು ಕಟ್ಟಲು 400 ಜಿಬಿ ಡಿಸ್ಕ್, 64 ಜಿಬಿ ಮೆಮೊರಿ ಇಟ್ಟುಕೊಳ್ಳಿ ಎನ್ನುತ್ತದೆ ಅವರದೇ ಕೈಪಿಡಿ. 72 ಕೋರಿನ ಯಂತ್ರದಲ್ಲಿ ಪೂರ್ತಿ ಕಟ್ಟಲು ಸುಮಾರು 40 ನಿಮಿಷ, 6 ಕೋರಿನದರಲ್ಲಿ ಸುಮಾರು 6 ಗಂಟೆ. ಕೋರು ಹನ್ನೆರಡು ಪಟ್ಟು ಹೆಚ್ಚಿದರೆ ವೇಗ ಹೆಚ್ಚಿದ್ದು ಒಂಬತ್ತು ಪಟ್ಟು. ಕೇವಲ ಕರ್ನಲ್ ಆದರೆ, 2020ರ ಫೆಬ್ರುವರಿಯಲ್ಲಿ ಬಂದ ಎಎಂಡಿಯ 64 ಕೋರಿನ ಥ್ರೆಡ್‌ರಿಪ್ಪರ್ ಅದನ್ನು ಅರ್ಧ ನಿಮಿಷದೊಳಗೆ ಮುಗಿಸುವ ಮಟ್ಟಕ್ಕೆ ಹೋಗಿತ್ತು. 300 ಕೋಟಿ ಆಂಡ್ರಾಯ್ಡ್ ಸಾಧನಗಳು ಬಳಕೆಯಲ್ಲಿವೆ ಎಂದು ಗೂಗಲ್ ಹೇಳಿದ್ದು 2021ರ ಮೇ ತಿಂಗಳಲ್ಲಿ. ಅಷ್ಟೂ ಲಿನಕ್ಸ್ ಕರ್ನಲ್ ಹೊತ್ತ ಯಂತ್ರಗಳೇ. ತನ್ನ ಕರ್ನಲ್ಲನ್ನು ತಾನೇ ಬೇಯಿಸಿಕೊಂಡು ಅಂಗಡಿಗೆ ಬಂದ ಫೋನು ಅವುಗಳಲ್ಲಿ ಒಂದೂ ಸಿಗಲಿಕ್ಕಿಲ್ಲ.

ಇದು ಹೊಸ ರೂಢಿ ಎಂದುಕೊಂಡರೆ ತಪ್ಪು. ಲಿನಕ್ಸ್‌ನ ಅಜ್ಜ ಯುನಿಕ್ಸ್ ಹುಟ್ಟಿದ್ದೇ ಹೀಗೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 'ಸ್ಪೇಸ್ ಟ್ರಾವೆಲ್' ಎಂಬ ಆಟ ಬರೆದಿದ್ದರು. ದೊಡ್ಡ ಜಿಇ 635 ಯಂತ್ರದಲ್ಲಿ ಅದನ್ನು ಒಂದು ಸಲ ಆಡಿದರೆ 75 ಡಾಲರ್ ಬಾಡಿಗೆ ಬೀಳುತ್ತಿತ್ತು. ಮೂಲೆಯಲ್ಲಿ ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಕಣ್ಣಿಗೆ ಬಿತ್ತು. 18 ಬಿಟ್‌ನ 8 ಸಾವಿರ ಪದಗಳ ಮೆಮೊರಿ, ಇಂದಿನ ಲೆಕ್ಕದಲ್ಲಿ 18 ಕೆಬಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಲಕರಣೆ ಸಾಲದು. ಹಾಗಾಗಿ ದೊಡ್ಡ ಯಂತ್ರದಲ್ಲೇ ಪಿಡಿಪಿ-7ರ ಭಾಷೆಗೆ ಪರಿವರ್ತಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ ಚಿಕ್ಕ ಯಂತ್ರಕ್ಕೆ ಉಣಿಸುತ್ತಿದ್ದರು. ಯುನಿಕ್ಸ್‌ನ ಮೊದಲ ತುಣುಕುಗಳು ಹೋದದ್ದೂ ಅದೇ ದಾರಿಯಲ್ಲಿ. ಚಿಕ್ಕ ಯಂತ್ರದಲ್ಲೇ ಅಸೆಂಬ್ಲರ್ ಬರೆದು ಮುಗಿಸಿದ ದಿನ ಕಾಗದದ ಓಡಾಟ ನಿಂತಿತು.

ಇದಕ್ಕಿಂತ ಉದ್ದದ ಓಡಾಟ ಮಂಗಳ ಗ್ರಹದ್ದು. 2021ರ ಏಪ್ರಿಲ್ 19ರಂದು ಅಲ್ಲಿ ಹಾರಿದ ಇಂಜೆನ್ಯುಟಿ ಹೆಲಿಕಾಪ್ಟರಿನ ತೂಕ 1.8 ಕಿಲೋ. ಮಿದುಳು ಫೋನುಗಳಲ್ಲಿ ಬರುತ್ತಿದ್ದ ಸ್ನ್ಯಾಪ್‌ಡ್ರಾಗನ್ 801, ಅದರ ಮೇಲೆ ಲಿನಕ್ಸ್. ವಿಚಿತ್ರವೆಂದರೆ ಅದನ್ನು ಹೊಟ್ಟೆಯಡಿ ಹೊತ್ತು ತಂದ ಪರ್ಸಿವಿಯರೆನ್ಸ್ ರೋವರಿನ ಮುಖ್ಯ ಕಂಪ್ಯೂಟರ್ 200 ಮೆಗಾಹರ್ಟ್ಸ್ ಮೀರದ್ದು, ನನ್ನ ಪೈಗಿಂತಲೂ ನಿಧಾನ. 2022ರಲ್ಲಿ ಹೆಲಿಕಾಪ್ಟರಿನ ವಾಲು ಅಳೆಯುವ ಸೆನ್ಸರ್ ಕೆಟ್ಟಿತು. ಅದರ ಕೆಲಸವನ್ನು ಇನ್ನೊಂದು ಸೆನ್ಸರಿಗೆ ವಹಿಸುವ ತೇಪೆಯನ್ನು ಭೂಮಿಯಲ್ಲೇ ಸಿದ್ಧಮಾಡಿ ರೇಡಿಯೋ ಮೂಲಕ ಕಳಿಸಿದರು. ಜೂನಿನಲ್ಲಿ ಅದು ಮತ್ತೆ ಹಾರಿತು.

ನನ್ನ ಕಡತ ಸಾಗಬೇಕಾದದ್ದು ಮೇಜಿನ ಈ ತುದಿಯಿಂದ ಆ ತುದಿಗೆ. ಐದು ಎಂಬಿ ಚಿಲ್ಲರೆ, ಒಂದೆರಡು ಸೆಕೆಂಡು. ಪೈಯನ್ನು ಮರುಚಾಲೂ ಮಾಡಿ, ಕರ್ನಲ್ ಯಾವುದೆಂದು ತಿಳಿಯಲು ಪ್ರಾಕ್ ಡೈರೆಕ್ಟರಿಯ 'ವರ್ಷನ್' ಕಡತ ತೆರೆದೆ. ಒಂದೇ ಸಾಲು. ಲಿನಕ್ಸ್ ವರ್ಷನ್, ಅದರ ಸಂಖ್ಯೆ, ಪಕ್ಕದಲ್ಲೇ ಕಂಪೈಲ್ ಮಾಡಿದವರ ಹೆಸರು, 'ಆಟ್' ಚಿಹ್ನೆ, ಕಂಪೈಲ್ ಮಾಡಿದ ಯಂತ್ರದ ಹೆಸರು. ಆಮೇಲೆ ಕಂಪೈಲರಿನ ಗುರುತು, ಆ ಭಾನುವಾರದ ದಿನಾಂಕ. ಯಂತ್ರದ ಹೆಸರು ಪೈಯದ್ದಲ್ಲ. ಮಗ ತನ್ನ ಡೆಸ್ಕ್‌ಟಾಪಿಗೆ ಇಟ್ಟಿದ್ದ ಹೆಸರು, ಪೈಯ ಕರ್ನಲ್‌ನೊಳಗೆ ಹಚ್ಚೆ ಹೊಯ್ದಂತೆ ಕೂತಿತ್ತು. ನಿಮ್ಮ ಫೋನಿನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ 'ಅಬೌಟ್ ಫೋನ್' ಒಳಗೆ 'ಕರ್ನಲ್ ವರ್ಷನ್' ಹುಡುಕಿ ನೋಡಿ. ಕೆಲವುಗಳಲ್ಲಿ ದಿನಾಂಕ ಮಾತ್ರ ಕಾಣುತ್ತದೆ. ಕೆಲವುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, 'ಆಟ್' ಚಿಹ್ನೆಯ ಬಲಕ್ಕೆ ನೀವು ಎಂದೂ ನೋಡದ ಯಾವುದೋ ಯಂತ್ರದ ಹೆಸರು ಇರುತ್ತದೆ.